ಬಿದ್ದು ಏಳಬಹುದಾದ ಊರು

ಹೊಸ ಊರಿಗೆ ಹೋದಾಗ ನಾನು ಮಾಡುವ ಮೊದಲ ಕೆಲಸವೆಂದರೆ ಅಲ್ಲಿನ ನೀರನ್ನು ಮೂಸಿ ನೋಡುವುದು. ಕುಡಿಯುವುದು ಆಮೇಲೆ. ನೆಂಟರ ಮನೆಯಲ್ಲಿ ಲೋಟ ಕೈಗೆ ಬಂದ ತಕ್ಷಣ ಅದು ತಾನಾಗಿಯೇ ಮೂಗಿನ ಹತ್ತಿರ ಹೋಗಿಬಿಡುತ್ತದೆ. ಕೊಟ್ಟವರ ಮುಖ ಸಣ್ಣಗಾದ ಮೇಲೆಯೇ ನನಗೆ ಅರಿವಾಗುವುದು. "ನಿಮ್ಮಪ್ಪನ ಮೂಗು ಬಂತು ನೋಡು" ಎಂದು ನನ್ನ ಗಂಡ ಹೊರಗೆ ಬಂದ ಮೇಲೆ ಹಂಗಿಸುತ್ತಾರೆ. ಮೂಗು ಅಪ್ಪನದೇ, ಸುಳ್ಳಲ್ಲ. ಅದರ ಹಿಂದಿರುವ ಅನುಮಾನವೂ ಅಪ್ಪನದೇ.

ಮೊನ್ನೆ ಪೇಪರಿನಲ್ಲಿ ವಾಸಕ್ಕೆ ಯೋಗ್ಯವಾದ ನಗರ ಹೇಗಿರಬೇಕು ಎಂದು ಅರ್ಧ ಪುಟದ ಬರಹವೊಂದು ಬಂದಿತ್ತು. ಪಾರ್ಕು ಬೇಕಂತೆ, ಫುಟ್‌ಪಾತು ಬೇಕಂತೆ, ಒಳ್ಳೆಯ ಗಾಳಿ, ಆಸ್ಪತ್ರೆ, ಸಿಟಿ ಬಸ್ಸು. ಓದಿ ಮುಗಿಸಿ ಹಾಳೆ ತಿರುವಿದೆ, ಹಿಂದುಗಡೆ ಸೈಟು ಮಾರುವವರ ಜಾಹೀರಾತು ಏನಾದರೂ ಇದೆಯೇ ಎಂದು. ಇತ್ತು. ಮನಸ್ಸಿಗೆ ಸಮಾಧಾನವಾಯಿತು. ಆದರೆ ಅಷ್ಟುದ್ದದ ಬರಹದಲ್ಲಿ, ನಮ್ಮ ಮನೆಯವರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದ ಒಂದೇ ಒಂದು ಪ್ರಶ್ನೆ ಎಲ್ಲಿಯೂ ಇರಲಿಲ್ಲ. ನಡೆಯುತ್ತಾ ಇರುವ ಒಬ್ಬ ಹುಡುಗಿ ಇದ್ದಕ್ಕಿದ್ದಂತೆ ರಸ್ತೆಯಲ್ಲಿ ಬಿದ್ದರೆ, ಆ ಊರು ಏನು ಮಾಡುತ್ತದೆ?

ಇದನ್ನು ಹೇಳಬೇಕಾದರೆ ಅಪ್ಪನ ಕೆಲಸವನ್ನು ಮೊದಲು ಹೇಳಬೇಕು. ಅಪ್ಪ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದರು. ಸಂತೆಗೆ, ಅಂಗಡಿ ಬೀದಿಗೆ ಹೋಗಿ ತಕ್ಕಡಿಗಳನ್ನು ತಲೆಕೆಳಗು ಮಾಡಿ ನೋಡುವ ಕೆಲಸ. ತಟ್ಟೆಯ ಅಡಿಗೆ ಹುಣಸೆಹಣ್ಣು ಮೆತ್ತಿದವರು, ತೂಕದ ಕಲ್ಲಿನ ತಳದಲ್ಲಿದ್ದ ಸೀಸ ಕೆತ್ತಿ ತೆಗೆದವರು, ಎಣ್ಣೆ ಅಳೆಯುವ ಲೀಟರಿನ ತಳವನ್ನು ಹದವಾಗಿ ಒಳಕ್ಕೆ ತಟ್ಟಿದವರು, ಇವರೇ ಅಪ್ಪನ ದಿನನಿತ್ಯದ ಪರಿಚಯಸ್ಥರು. ಜೀವನವಿಡೀ ವಸ್ತುಗಳ ತಳವನ್ನೇ ನೋಡಿಕೊಂಡು ಬಂದ ಮನುಷ್ಯ ಮೇಲುಗಡೆಯನ್ನು ನಂಬುವುದಾದರೂ ಹೇಗೆ? ದಾರಿಯಲ್ಲಿ ಯಾರಾದರೂ "ಚೆನ್ನಾಗಿದೀರಾ ಸಾರ್?" ಎಂದರೆ, "ಹ್ಞೂಂ, ಚೆನ್ನಾಗಿದೀನಿ" ಎಂದು ನಕ್ಕು, ಹತ್ತು ಹೆಜ್ಜೆ ದಾಟಿದ ಮೇಲೆ ನಮ್ಮನ್ನು ಕೇಳುತ್ತಿದ್ದರು: "ಅವ್ನ್ಯಾಕೆ ಹಂಗೆ ಕೇಳ್ದ?"

ಅಪ್ಪನ ಹುಟ್ಟೂರು ಗುಬ್ಬಿ ತಾಲ್ಲೂಕಿನ ಕಡಬ. ನಾವು ಬೆಳೆದದ್ದು ಗುಬ್ಬಿಯಲ್ಲಿ, ರೈಲ್ವೆ ಸ್ಟೇಷನ್ನಿನ ಸದ್ದು ಕೇಳುವಷ್ಟು ದೂರದ ಒಂದು ಬೀದಿಯಲ್ಲಿ. ಗೂಡ್ಸ್ ಗಾಡಿ ಹೋದರೆ ನಮ್ಮ ಅಡುಗೆಮನೆಯ ಲೋಟಗಳು ಒಂದಕ್ಕೊಂದು ಮಾತಾಡಿಕೊಳ್ಳುತ್ತಿದ್ದವು. ಆ ಬೀದಿಯ ಬಾಗಿಲುಗಳಿಗೆ ಹಗಲು ಹೊತ್ತು ಚಿಲಕ ಹಾಕುತ್ತಿರಲಿಲ್ಲ. ಒಬ್ಬರ ಮನೆಯ ಒಗ್ಗರಣೆಗೆ ಇನ್ನೊಬ್ಬರ ಮನೆಯಲ್ಲಿ ಸೀನುತ್ತಿದ್ದರು. ಅಮ್ಮನಿಗೆ ಅದು ಸ್ವರ್ಗ. ಅಪ್ಪನಿಗೆ ಮಾತ್ರ, ಇಷ್ಟೊಂದು ಪ್ರೀತಿ ಯಾಕೆ ಎನ್ನುವ ಗುಮಾನಿ.

ನನ್ನ ತಂಗಿ ಪದ್ಮಾವತಿ, ಮನೆಯಲ್ಲಿ ಪದ್ದಿ, ಹೈಸ್ಕೂಲಿನಲ್ಲಿದ್ದಾಗ ಒಂದು ಬೆಳಗ್ಗೆ ಪ್ರೇಯರ್ ಸಾಲಿನಲ್ಲಿ ನಿಂತಿದ್ದವಳು ಹಾಗೆಯೇ ಬಿದ್ದಳು. ಕೈಕಾಲು ಸೆಟೆದು ಅದುರಿದವು. ಯಾರೋ ಮುಷ್ಟಿಯಲ್ಲಿ ಬೀಗದ ಕೈ ಗೊಂಚಲು ತುರುಕಿದರು, ಯಾರೋ ಈರುಳ್ಳಿ ಹಿಚುಕಿ ಮೂಗಿಗೆ ಹಿಡಿದರು. ಫಿಟ್ಸ್ ಎನ್ನುವ ಮಾತನ್ನು ನಾನು ಮೊದಲು ಕೇಳಿದ್ದು ಅವತ್ತು. ಮಧ್ಯಾಹ್ನದ ಹೊತ್ತಿಗೆ ಇಡೀ ಬೀದಿ ನಮ್ಮ ಜಗಲಿಯ ಮೇಲಿತ್ತು. "ಗಾಳಿ ಸೋಕೈತೆ, ತಾಯ್ತ ಕಟ್ಸಿ" ಎಂದರು ಒಬ್ಬರು. "ಹೆಣ್ಣುಡ್ಗಿ, ಮುಂದೇನ್ ಗತಿ" ಎಂದರು ಇನ್ನೊಬ್ಬರು, ಪದ್ದಿಯ ಎದುರಿಗೇ. ಕೆಟ್ಟ ಮನಸ್ಸಿನಿಂದ ಯಾರೂ ಹೇಳಲಿಲ್ಲ. ಆಮೇಲೆ ಅವಳು ಯಾರ ಮನೆಗೆ ಮೊಸರಿಗೆ ಹೆಪ್ಪು ಕೇಳಲು ಹೋದರೂ, "ಕೂತ್ಕಳವ್ವ, ನಿಂತ್ರೆ ಬಿದ್ಬುಟ್ಟೀಯ" ಎಂದು ಕೂರಿಸುತ್ತಿದ್ದರು. ಅವಳ ಜೊತೆ ಕುಂಟೆಬಿಲ್ಲೆ ಆಡುತ್ತಿದ್ದ ಹುಡುಗಿಯರನ್ನು ಅವರ ತಾಯಂದಿರು ಮೆಲ್ಲಗೆ ಒಳಗೆ ಕರೆದುಕೊಂಡರು. ಪದ್ದಿ ಜಗಲಿಯ ಮೇಲೆ ಕೂತು ರೈಲಿನ ಡಬ್ಬಿ ಎಣಿಸುವುದನ್ನು ಕಲಿತಳು.

ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ದು ತೋರಿಸಿದ್ದಾಯಿತು. ದಿನಾ ಮಾತ್ರೆ ನುಂಗಬೇಕು, ಬರುವುದು ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲದೆಯೂ ಇರಬಹುದು ಎಂದರು ಡಾಕ್ಟರು. ಅಪ್ಪ ಮರುತಿಂಗಳೇ ಕುಣಿಗಲ್‌ಗೆ ವರ್ಗ ಮಾಡಿಸಿಕೊಂಡರು. ಲಾರಿಗೆ ಸಾಮಾನು ಹೇರುವಾಗ ನಮ್ಮನ್ನು ಕೋಣೆಗೆ ಕರೆದು ಹೇಳಿದರು: "ಅಲ್ಲಿ ಯಾರ್ಗೂ ಗೊತ್ತಾಗ್ಬಾರ್ದು. ಮಾತ್ರೆ ಯಾಕೆ ಅಂದ್ರೆ ವಿಟಮಿನ್ ಅನ್ನಿ."

ಕುಣಿಗಲ್‌ನಲ್ಲಿ ನಾವು ಮೂವರು ಹೆಂಗಸರೂ ವಿಟಮಿನ್ ಕೊರತೆಯ ಸಂಸಾರವಾಗಿ ಬಾಳಿದೆವು. ಕೆರೆಯ ಗಾಳಿ ಚೆನ್ನಾಗಿತ್ತು, ಮನೆಯೂ ಚೆನ್ನಾಗಿತ್ತು. ಪಕ್ಕದ ಮನೆಯ ಜಯಮ್ಮ ಕಾಂಪೌಂಡಿನ ಮೇಲಿಂದ ಕತ್ತು ಚಾಚಿ, "ಏನ್ ಸಾರು?" ಎಂದು ಕೇಳಿದರೂ ಅಪ್ಪನಿಗೆ ಅದರಲ್ಲೊಂದು ಒಳಪ್ರಶ್ನೆ ಕೇಳಿಸುತ್ತಿತ್ತು. ಹೀಗೆ ಎರಡು ವರ್ಷ ದಾಟಿತು. ಒಂದು ದಿನ ಅಮೃತೂರಿನಲ್ಲಿ ನೆಂಟರ ಮದುವೆ ಊಟ ಮುಗಿಸಿಕೊಂಡು ಪ್ರೈವೇಟ್ ಬಸ್ಸಿನಲ್ಲಿ ವಾಪಸು ಬರುವಾಗ ಪದ್ದಿ ಸೀಟಿನಿಂದ ಜಾರಿದಳು. ಕಂಡಕ್ಟರ್ ಬಸ್ಸು ನಿಲ್ಲಿಸಿದ. ನೀರು ಚಿಮುಕಿಸಿ, ಎಬ್ಬಿಸಿ, ಕೂರಿಸಿ, ಕುಣಿಗಲ್ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಮನೆ ಮುಟ್ಟುವಷ್ಟರಲ್ಲಿ ಜಯಮ್ಮ ನಮ್ಮ ಬಾಗಿಲಲ್ಲೇ ನಿಂತಿದ್ದರು. "ಮಗೀಗೆ ಈಗ ಹೆಂಗೈತೆ?"

ಸುದ್ದಿ ಯಾವ ಬಸ್ಸಿನಲ್ಲಿ ಬಂದು ನಮಗಿಂತ ಮುಂಚೆ ಇಳಿಯಿತೋ ಇವತ್ತಿಗೂ ಗೊತ್ತಿಲ್ಲ. ಆ ತಿಂಗಳು ನನ್ನನ್ನು ನೋಡಲು ಬರಬೇಕಿದ್ದ ಗಂಡಿನ ಕಡೆಯವರು ಬರಲಿಲ್ಲ. ಅಪ್ಪ ಜಯಮ್ಮನ ಮೇಲೆ ಅನುಮಾನಪಟ್ಟರು. ನಾನು, ಕಳಿಸಿದ್ದ ನನ್ನ ಫೋಟೋದ ಮೇಲೆ. ಅಮ್ಮ ಯಾರ ಮೇಲೂ ಅನುಮಾನ ಪಡದೆ ಜಯಮ್ಮ ಕೊಟ್ಟ ಎಳನೀರನ್ನು ಪದ್ದಿಗೆ ಕುಡಿಸಿದಳು.

"ಹಳ್ಳಿ, ಸಣ್ಣೂರು ಇವುಗಳ ಸಹವಾಸನೇ ಬೇಡ" ಎಂದು ಅಪ್ಪ ತೀರ್ಮಾನಿಸಿದ್ದು ಆಗಲೇ. "ಸಿಟಿಗೆ ಹೋಗ್ಬೇಕು. ಅಲ್ಲಿ ಯಾರ್ಗೂ ಯಾರೂ ಗೊತ್ತಿರಲ್ಲ. ಅದೇ ಬದುಕೋಕೆ ಒಳ್ಳೆ ಊರು."

"ಯಾರ್ಗೂ ಯಾರೂ ಗೊತ್ತಿಲ್ದಿದ್ರೆ, ಬಿದ್ದಾಗ ಎತ್ತೋರ್ಯಾರು?" ಎಂದಳು ಅಮ್ಮ.

"ಬೀಳೋಕೆ ಬಿಟ್ರೆ ತಾನೆ!"

ಹೀಗೆ ತೊಂಬತ್ತರ ದಶಕದ ನಡುವಿನಲ್ಲಿ ನಾವು ತುಮಕೂರಿಗೆ ಬಂದೆವು. ಮನೆ ಹುಡುಕುವಾಗ ಅಪ್ಪ ನನ್ನನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ನಲ್ಲಿ ತಿರುಗಿಸಿ ನೀರು ಮೂಸುವರು, ಗೋಡೆ ತಟ್ಟುವರು, ಟಾರಸಿಗೆ ಹತ್ತಿ ಅಕ್ಕಪಕ್ಕದ ಕಿಟಕಿಗಳು ಯಾವ ಕಡೆ ತೆರೆದುಕೊಳ್ಳುತ್ತವೆ ಎಂದು ನೋಡುವರು. ಮನೆಯನ್ನು ಹೊಗಳುವ ಓನರ್ ಎಂದರೆ ಅಲ್ಲಿಂದ ಓಡಲೇಬೇಕು. ಕೊನೆಗೆ ಶಾರದಮ್ಮ ಎನ್ನುವವರ ಮನೆಯ ಮಹಡಿ ಸಿಕ್ಕಿತು. ಅವರು ಕೆಳಗಿದ್ದರು, ಒಬ್ಬರೇ. ನಮ್ಮನ್ನು ಒಂದೂ ಪ್ರಶ್ನೆ ಕೇಳಲಿಲ್ಲ. ಜಾತಿಯಿಲ್ಲ, ಊರಿಲ್ಲ, ಎಷ್ಟು ಜನ ಎಂದೂ ಇಲ್ಲ. ಬೀಗದ ಕೈ ಕೊಟ್ಟು ಒಳಗೆ ಹೋಗಿ ಟೀವಿ ಹಾಕಿಕೊಂಡರು. ಅಪ್ಪನಿಗೆ ಪರಮಾನಂದ. "ನೋಡ್ದಾ? ಇದು ಸಿಟಿ ಅಂದ್ರೆ!" ಎಂದು ಬೀದಿಯ ತಿರುವಿನವರೆಗೆ ಹೊಗಳಿದರು. ತಿರುವಿನಲ್ಲಿ ನಿಂತರು. "ಅಲ್ಲಾ ಕಣೇ... ಏನೂ ಯಾಕೆ ಕೇಳ್ಲಿಲ್ಲ ಅವ್ರು?"

ತುಮಕೂರು ಅಪ್ಪ ಹೇಳಿದ ಹಾಗೇ ಇತ್ತು. ಪಕ್ಕದ ಮನೆಯವರು ಗೇಟು ಹಾಕಿಕೊಂಡು ಕೆಲಸಕ್ಕೆ ಹೋಗುವರು, ಗೇಟು ತೆಗೆದು ಒಳಗೆ ಬರುವರು. ಪದ್ದಿ ಡಿಗ್ರಿ ಮುಗಿಸಿದಳು. ಕಂಪ್ಯೂಟರಿನಲ್ಲಿ ಕನ್ನಡ ಟೈಪಿಂಗ್ ಕಲಿತು, ಲಗ್ನಪತ್ರಿಕೆ ಅಚ್ಚು ಹಾಕುವ ಒಂದು ಪ್ರೆಸ್ಸಿನಲ್ಲಿ ಕೆಲಸಕ್ಕೆ ಸೇರಿದಳು. ದಿನವಿಡೀ ವಧುವರರ ಹೆಸರು ಕೂಡಿಸುತ್ತಿದ್ದವಳು, ಮನೆಗೆ ಬಂದು, "ಅಕ್ಕ, ಇವತ್ತು ಒಬ್ಬಳ ಹೆಸ್ರು ಇನ್ನೊಬ್ಬನ ಜೊತೆ ಹಾಕ್ಬಿಟ್ಟಿದ್ದೆ. ಜೋಡಿ ಚೆನ್ನಾಗೇ ಇತ್ತು ಕಣೇ" ಎಂದು ನಗಿಸುವಳು.

ಕೆಲಸಕ್ಕೆ ಹೋಗಲು ಅಪ್ಪ ಒಪ್ಪಿದ್ದು ಒಂದು ಷರತ್ತಿನ ಮೇಲೆ. ಬಿಡಲು, ಕರೆತರಲು ಅಕ್ಕ ಹೋಗಬೇಕು. ನಾನಾಗ ಬಿ.ಎಡ್. ಮುಗಿಸಿ ಕೆಲಸಕ್ಕೆ ಕಾಯುತ್ತಿದ್ದೆ. ಕಾಯುವವರಿಗೆ ಮನೆಯಲ್ಲಿ ಕೆಲಸ ಜಾಸ್ತಿ. ದಿನಾ ಬಿ.ಎಚ್. ರಸ್ತೆಯ ಉದ್ದಕ್ಕೂ ಅವಳಿಗೆ ಅಂಟಿಕೊಂಡು ನಡೆಯುತ್ತಿದ್ದೆ, ರಸ್ತೆ ಕಡೆಗೆ ನಾನು, ಅಂಗಡಿ ಕಡೆಗೆ ಅವಳು. ಎದುರು ಬಂದವರನ್ನೆಲ್ಲ ದುರುಗುಟ್ಟಿ ನೋಡುವೆ. ಯಾರಾದರೂ ಪದ್ದಿಯನ್ನು ಎರಡು ಸಲ ನೋಡಿದರೆ, ಚೆನ್ನಾಗಿದ್ದಾಳೆ ಎಂದು ನೋಡಿದನೋ, ಗೊತ್ತಾಗಿ ನೋಡಿದನೋ ಎಂದು ಲೆಕ್ಕ ಹಾಕುವೆ. ನನ್ನನ್ನು ಯಾರೂ ಎರಡು ಸಲ ನೋಡಲಿಲ್ಲ ಎನ್ನುವುದು ಬಹಳ ದಿನದ ಮೇಲೆ ಹೊಳೆಯಿತು. ಅಷ್ಟು ಕೆಟ್ಟದಾಗಿರುತ್ತಿತ್ತು ನನ್ನ ಮುಖ.

ಪದ್ದಿಗೆ ಇದು ಸಾಕಾಗಿತ್ತು. "ನಂಗೆ ಕಾಯಿಲೆ ಬರೋದು ತಿಂಗಳಿಗೋ ಎರಡು ತಿಂಗಳಿಗೋ ಒಂದ್ಸಲ. ನೀನು ದಿನಾ ಬರ್ತೀಯಲ್ಲೇ" ಎಂದಳು ಒಂದು ದಿನ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಅಪ್ಪ ಆಗ ತಾನೇ ರಿಟೈರ್ ಆಗಿದ್ದರು. ಒಂದು ಬೆಳಗ್ಗೆ ನನಗೆ ಮೈ ಸುಡುವಷ್ಟು ಜ್ವರ. ಅಪ್ಪ ಯಾವುದೋ ಕೆಲಸದ ಮೇಲೆ ಹೊರಗೆ ಹೋಗಿದ್ದರು. ಪದ್ದಿ ಚಪ್ಪಲಿ ಮೆಟ್ಟಿಕೊಂಡು ಅಮ್ಮನಿಗೆ, "ಅಕ್ಕನ್ನ ಎಬ್ಬಿಸ್ಬೇಡ, ನಾನ್ ಹೋಗ್ಬರ್ತೀನಿ" ಎಂದಳಂತೆ. ಅಮ್ಮ ಒಂದು ಗಳಿಗೆ ಅವಳ ಮುಖ ನೋಡಿ, ಊಟದ ಹೊತ್ತಿಗೆ ಬಂದುಬಿಡು ಎಂದಳಂತೆ. ಇದು ನನಗೆ ಗೊತ್ತಾದದ್ದು ಅಪ್ಪ ಮಧ್ಯಾಹ್ನ ಬಂದು ನನ್ನ ಕಂಬಳಿ ಎಳೆದಾಗ.

"ನೀನಿಲ್ಲಿ ಮಲ್ಗಿದೀಯ. ಅವ್ಳೆಲ್ಲೇ?"

ಊಟದ ಹೊತ್ತು ಮೀರಿತ್ತು. ಶಾರದಮ್ಮನವರ ಮನೆಯ ಫೋನಿನಿಂದ ಪ್ರೆಸ್ಸಿಗೆ ಮಾಡಿದೆವು. ಅವಳು ಬೆಳಗ್ಗೆಯಿಂದ ಬಂದೇ ಇಲ್ಲ ಎಂದರು. ಅಮ್ಮ ಗೋಡೆ ಹಿಡಿದುಕೊಂಡಳು. ಶಾರದಮ್ಮ ಟೀವಿಯ ಸದ್ದು ತಗ್ಗಿಸಿ ನಮ್ಮ ಕಡೆ ನೋಡಿದರು. ಆಗಲೂ ಏನೂ ಕೇಳಲಿಲ್ಲ. ಎದ್ದು ಬಂದು ಅಮ್ಮನಿಗೆ ಕುರ್ಚಿ ಎಳೆದು ಕೊಟ್ಟರು.

ಅಪ್ಪ ಹೊರಟರು. ಅದೇ ಜ್ವರದಲ್ಲಿ ನಾನೂ ಶಾಲು ಹೊದ್ದುಕೊಂಡು ಹಿಂದೆ ಹೊರಟೆ. ಆಟೋ ಕರೆಯೋಣವೆಂದರೆ, "ಬೇಡ, ಸಂದಿಗೊಂದಿ ನೋಡ್ಕೊಂಡ್ ಹೋಗ್ಬೇಕು" ಎಂದರು. ರಸ್ತೆಯ ತುಂಬ ಜನ. ಅಷ್ಟು ವರ್ಷ ಅಪ್ಪನಿಗೆ ಪರಿಚಯವೇ ಬೇಡವಾಗಿದ್ದ ಜನ. ಮೊದಲು ಸಿಕ್ಕಿದ್ದು ಒಂದು ಮೆಡಿಕಲ್ ಸ್ಟೋರ್.

"ಇಲ್ಲೊಂದು ಹುಡ್ಗಿ ಹೋಗಿದ್ದು ನೋಡಿದ್ರಾ? ನೀಲಿ ಚೂಡಿದಾರ."

"ಎಷ್ಟೊಂದ್ ಹುಡ್ಗೀರು ಹೋಗ್ತಾರೆ ಸಾರ್. ಯಾಕೆ, ಏನಾಯ್ತು?"

"ಏನಾಗಿಲ್ಲ. ಏನಾಗ್ಬೇಕು?" ಎಂದು ಅಪ್ಪ ಸಿಡುಕಿ ಮುಂದೆ ನಡೆದರು.

ಬೇಕರಿಯಲ್ಲಿ ಕೇಳಿದರು, ಸೈಕಲ್ ಶಾಪಿನಲ್ಲಿ ಕೇಳಿದರು. ಎಲ್ಲ ಕಡೆಯೂ ಅದೇ ಪ್ರಶ್ನೆ, ಅದೇ ಉತ್ತರ. ಏನಾಯ್ತು ಎಂದು ಹೇಳದೆ ಯಾರನ್ನು ಹುಡುಕಲಾದೀತು? ನನ್ನ ಕಿವಿ ಗುಂಯ್‌ಗುಡುತ್ತಿತ್ತು. ಟೌನ್ ಹಾಲ್ ಕಡೆಗೆ ತಿರುಗುವ ಮುನ್ನ, ಒಂದು ಹಾಸಿಗೆ ಅಂಗಡಿಯ ಮುಂದೆ, ಕೋರದ ಕಡೆಯಿಂದ ಬಸ್ಸಿನಲ್ಲಿ ಬಂದು ಸೌತೆಕಾಯಿ ಮಾರುವ ಒಬ್ಬ ಹೆಂಗಸು ಕೂತಿದ್ದಳು. ಅಪ್ಪನನ್ನು ಕಂಡದ್ದೇ ತಕ್ಕಡಿಯನ್ನು ಸರಕ್ಕನೆ ಗೋಣಿಚೀಲದ ಅಡಿಗೆ ತಳ್ಳಿದಳು. ಅಪ್ಪ ಅದನ್ನು ನೋಡಿಯೂ ನೋಡಲಿಲ್ಲ. ಅವರು ಹಾಗೆ ನೋಡದೆ ಇದ್ದದ್ದನ್ನು ನಾನು ಕಂಡಿದ್ದು ಅದೇ ಮೊದಲು.

"ನೀಲಿ ಚೂಡಿದಾರದ ಹುಡ್ಗಿ..."

"ಪಿಡ್ಸ್ ಬಂದು ಬಿದ್ದಿತ್ತಲ್ಲ, ಆ ಮಗೀನಾ?"

ಅಪ್ಪ ಒಂದು ಕ್ಷಣವೂ ಯೋಚಿಸಲಿಲ್ಲ. "ಅಲ್ಲಲ್ಲ. ನಮ್ ಹುಡ್ಗಿಗೆ ಅಂಥದ್ದೇನಿಲ್ಲ" ಎಂದು ಹೇಳಿ ಮುಂದೆ ನಡೆದೇಬಿಟ್ಟರು.

ಅಷ್ಟು ವರ್ಷ ಎಲ್ಲರ ಮುಂದೆ ಹೇಳಿ ಹೇಳಿ ಆ ಮಾತು ಬಾಯಲ್ಲಿ ತಾನಾಗಿ ಹುಟ್ಟುತ್ತಿತ್ತು. ನಾಲ್ಕು ಹೆಜ್ಜೆ ಹೋಗಿ ಅವರು ನಿಂತರು. ತಿರುಗಲಿಲ್ಲ. ನಾನು ಆ ಹೆಂಗಸಿನ ಮುಂದೆ ಕುಕ್ಕರಿಸಿದೆ. "ಹೌದು ಕಣಮ್ಮ, ಅವ್ಳೇ. ಎಲ್ಲಿದಾಳೆ?"

ಆಕೆ ಒಮ್ಮೆ ಅಪ್ಪನ ಬೆನ್ನು ನೋಡಿದಳು, ಒಮ್ಮೆ ನನ್ನನ್ನು. "ಇಲ್ಲೇ ಒಳ್ಗೆ ಮಲ್ಗೈತೆ. ಇದೇ ಜಾಗ್ದಾಗೆ ಬಿದ್ಬುಡ್ತು. ಜನ ಮುಕ್ಕುರ್ದ್ರು. ನಾನೇ ಬೈದು ಅತ್ಲಾಗೆ ಓಡ್ಸ್ದೆ. ಎದ್ ಮ್ಯಾಲೆ ಹೆಸ್ರು ಕೇಳುದ್ರೆ ಹೇಳ್ತೈತೆ, ಮನೆ ಎಲ್ಲಿ ಅಂದ್ರೆ ಬಾಯಿ ಬುಡಂಗಿಲ್ಲ. ಅಪ್ಪಯ್ಯಂಗೆ ಹೇಳ್ಬ್ಯಾಡಿ ಅಂತೈತೆ."

ಹಾಸಿಗೆ ಅಂಗಡಿಯೊಳಗೆ ಹತ್ತಿಯ ಧೂಳು ಬಿಸಿಲಿನಲ್ಲಿ ತೇಲುತ್ತಿತ್ತು. ಹಿಂದುಗಡೆ, ಮಾರಲು ಇಟ್ಟಿದ್ದ ಒಂದು ಹೊಸ ಹಾಸಿಗೆಯ ಮೇಲೆ ಪದ್ದಿ ಮುದುಡಿಕೊಂಡು ನಿದ್ದೆ ಮಾಡುತ್ತಿದ್ದಳು. ಅವಳ ಮೈಮೇಲೆ ಬೇರೆ ಯಾರದೋ ಸೀರೆ. ಪಕ್ಕದಲ್ಲಿ ಅಂಗಡಿಯವರ ಹೆಂಡತಿ ಫಾತಿಮಾಬಿ ದಿಂಬಿನ ಕವರು ಹೊಲಿಯುತ್ತಾ ಕೂತಿದ್ದರು. ತುಟಿಯ ಮೇಲೆ ಬೆರಳಿಟ್ಟು ನಮಗೆ ಸುಮ್ಮನಿರಿ ಎಂದು ಸನ್ನೆ ಮಾಡಿದರು.

ಅಪ್ಪ ಹತ್ತಿರ ಹೋಗಿ ಬಗ್ಗಿದರು. ಹಣೆ ಮುಟ್ಟುತ್ತಾರೆ ಎಂದುಕೊಂಡೆ. ಅವರು ಕತ್ತು ನೋಡಿದರು. "ಚೈನ್ ಎಲ್ಲಿ?"

ಡಿಗ್ರಿ ಪಾಸಾದಾಗ ಮಾಡಿಸಿಕೊಟ್ಟಿದ್ದ ಸಣ್ಣ ಚಿನ್ನದ ಸರ ಅವಳ ಕತ್ತಿನಲ್ಲಿರಲಿಲ್ಲ.

ಫಾತಿಮಾಬಿ ಸೂಜಿ ಕೆಳಗಿಟ್ಟರು. "ನಾನು ಒಳಗೆ ತರೋವಾಗ ಕತ್ತಲ್ಲಿ ಏನೂ ಇರ್ಲಿಲ್ಲ ಸಾಮಿ. ಚೈನ್ ಇತ್ತಾ? ಹಾಗಾದ್ರೆ ಆ ಗುಂಪಲ್ಲಿ ಯಾವನೋ ಹೊಡ್ಕೊಂಡ." ಅಪ್ಪ ಅವರ ಮುಖವನ್ನೇ ನೋಡುತ್ತಿದ್ದರು, ತಕ್ಕಡಿಯ ತಟ್ಟೆಯನ್ನು ನೋಡುವ ಹಾಗೆ. ಆಕೆ ಆ ನೋಟಕ್ಕೆ ಅಂಜಲಿಲ್ಲ, ಕೋಪಿಸಿಕೊಳ್ಳಲೂ ಇಲ್ಲ. "ಅಂಗಡಿ ಪೂರಾ ನೋಡಿ ಬೇಕಾದ್ರೆ. ಆದ್ರೆ ಮಗು ಎದ್ಮೇಲೆ ನೋಡಿ" ಎಂದು ಸೂಜಿ ಎತ್ತಿಕೊಂಡರು.

ಮನೆಗೆ ಬಂದ ಮೇಲೆ ಅಪ್ಪನ ಸಂಕಟವೆಲ್ಲ ಸಿಟ್ಟಾಗಿ ಹೊರಬಿತ್ತು. "ಕಳ್ಳರ ಊರು ಇದು. ಬಿದ್ದಿರೋ ಹುಡ್ಗಿ ಕತ್ತಿಗೆ ಕೈ ಹಾಕ್ತಾರಲ್ಲ! ಬಿಡಿ, ಕಡಬಕ್ಕೆ ಹೋಗೋಣ. ನಾಲ್ಕು ತೆಂಗಿನ ಮರ ಇದೆ, ಮನೆ ಇದೆ. ನಾಳೆಯಿಂದ ಕೆಲ್ಸನೂ ಬೇಡ ಏನೂ ಬೇಡ."

ಪದ್ದಿ ತಲೆ ಎತ್ತಿದಳು. ಫಿಟ್ಸ್ ಬಂದ ದಿನ ಅವಳ ಮಾತು ಸ್ವಲ್ಪ ನಿಧಾನವಾಗುತ್ತಿತ್ತು. "ಗುಬ್ಬೀಲಿ ಬಿದ್ದೆ, ಎಲ್ರೂ ಬಂದು ನೋಡಿದ್ರು. ಇವತ್ತಿಗೂ ಅಲ್ಲಿ ನನ್ ಹೆಸ್ರು ಅದೇ. ಕುಣಿಗಲ್‌ನಲ್ಲಿ ಬಿದ್ದೆ, ಅಕ್ಕನಿಗೆ ಬಂದಿದ್ ಸಂಬಂಧ ತಪ್ಪೋಯ್ತು. ಇಲ್ಲಿ ಬಿದ್ದೆ. ಚೈನ್ ಹೋಯ್ತು. ಎದ್ದೆ. ನಾಳೆ ಕೆಲ್ಸಕ್ಕೆ ಹೋಗ್ತೀನಿ. ಅಷ್ಟೆ ಅಪ್ಪ."

"ಮತ್ತೆ ಬಿದ್ರೆ?"

"ಬೀಳ್ತೀನಿ. ಬೀಳದೆ ಇರೋ ಊರು ಯಾವ್ದಾದ್ರೂ ಇದ್ಯಾ ನಂಗೆ?"

ಅಮ್ಮ ಸೆರಗಿನ ತುದಿಯಲ್ಲಿ ಮೂಗು ಒರೆಸಿಕೊಂಡು ಎಲ್ಲರಿಗೂ ತಟ್ಟೆ ಹಾಕಿದಳು. ಅಪ್ಪ ಉಣ್ಣದೆ ಎದ್ದು ಹೋದರು.

ಮಾರನೇ ದಿನದಿಂದ ಅಪ್ಪ ಪತ್ತೇದಾರಿಕೆಗೆ ಇಳಿದರು. ಚೈನು ಕದ್ದವನನ್ನು ಹಿಡಿಯದೆ ಬಿಡುವುದಿಲ್ಲವೆಂದು ಬೆಳಗ್ಗೆ ತಿಂಡಿ ತಿಂದು ಹೊರಡುವರು. ಜ್ವರ ಬಿಟ್ಟ ಮೇಲೆ ನನ್ನನ್ನೂ ಜೊತೆಗೆ ಎಳೆದರು. ಆದರೆ ಒಂದು ತೊಡಕಿತ್ತು. ಆ ರಸ್ತೆಯ ಅರ್ಧ ಅಂಗಡಿಗಳಿಗೆ ಅಪ್ಪ ಯಾರೆಂದು ಗೊತ್ತಿತ್ತು. ಅವರು ಬರುವುದು ಕಂಡರೆ ಒಂದು ಅಂಗಡಿಯಲ್ಲಿ ತಕ್ಕಡಿ ಒಳಗೆ ಹೋಗುವುದು, ಇನ್ನೊಂದರಲ್ಲಿ ಕಲ್ಲುಗಳು ಮೂಟೆಯ ಹಿಂದೆ ಅಡಗುವುವು, ಮಾಲೀಕನೇ ಹಿಂಬಾಗಿಲಿನಿಂದ ಕಾಫಿ ಕುಡಿಯಲು ಹೋಗಿಬಿಡುವನು. "ರಿಟೈರ್ ಆಗಿದೀನಿ ಕಣ್ರೀ" ಎಂದರೆ ಯಾರೂ ನಂಬಲೊಲ್ಲರು. ಇದೂ ಒಂದು ಹೊಸ ನಮೂನೆಯ ರೈಡು ಎಂದೇ ಅವರ ಗುಮಾನಿ. ಅಷ್ಟು ವರ್ಷ ಊರನ್ನೆಲ್ಲ ಅನುಮಾನಿಸಿದವರನ್ನು ಈಗ ಊರು ಅನುಮಾನಿಸುತ್ತಿತ್ತು. ನನಗೆ ಒಳಗೊಳಗೇ ನಗು.

ಒಂದು ಅಕ್ಕಿ ಅಂಗಡಿಯಲ್ಲಿ ಇದು ಅತಿಗೆ ಹೋಯಿತು. ಅಂಗಡಿಯವರು ಕೈಮುಗಿದು, "ಸಾರ್, ನಿಮಗೇನ್ ಬೇಕು ನೇರವಾಗಿ ಹೇಳಿ. ತಕ್ಕಡಿ ನೋಡ್ತೀರಾ, ನೋಡಿ. ಸುಮ್ನೆ ಕಳ್ಳ, ಚೈನು ಅಂತ ಯಾಕೆ?" ಎಂದುಬಿಟ್ಟರು. ಅಪ್ಪ ರಾಶಿಯಿಂದ ನಾಲ್ಕು ಕಾಳು ಅಕ್ಕಿ ಎತ್ತಿ ಮತ್ತೆ ಅಲ್ಲೇ ಹಾಕಿದರು. ಆಮೇಲೆ, ಕೋರ್ಟಿನಲ್ಲಿ ಸಾಕ್ಷಿ ಹೇಳುವವರ ಹಾಗೆ, ಒಂದೊಂದೇ ಮಾತು ಬಿಡಿಸಿ ಹೇಳಿದರು: "ನನ್ನ ಮಗಳಿಗೆ ಫಿಟ್ಸ್ ಬರುತ್ತೆ. ಮೊನ್ನೆ ಇಲ್ಲಿ ರಸ್ತೇಲಿ ಬಿದ್ದಿದ್ಲು. ಆವಾಗ ಹೋಗಿದ್ದು ಚೈನು."

ಅಪ್ಪನ ಬಾಯಿಂದ ಆ ಮಾತು ಹೊರಗಿನವರ ಎದುರು ಬಂದದ್ದು ಅದೇ ಮೊದಲ ಸಲ.

ಅಂಗಡಿಯವರು ಕೈ ಇಳಿಸಿದರು. "ಅಯ್ಯೋ, ಅಷ್ಟೇನಾ ಸಾರ್? ನಮ್ ಭಾಮೈದಂಗೂ ಬರುತ್ತೆ. ಮಾತ್ರೆ ತಗೊತಾನೆ, ಲಾರಿ ಆಫೀಸಲ್ಲಿ ಕೆಲ್ಸ ಮಾಡ್ತಾನೆ. ಕೂತ್ಕೊಳ್ಳಿ, ಟೀ ಹೇಳ್ತೀನಿ. ಹುಡ್ಗಿ ಹೆಂಗಿದಾಳೆ ಈಗ?"

ಅಪ್ಪ ಟೀ ಕುಡಿದರು. ಹೊರಗೆ ಬಂದ ಮೇಲೆ ನನ್ನನ್ನು ಕೇಳಿದರು: "ನಿಜವಾಗ್ಲೂ ಭಾಮೈದ ಇದಾನಾ ಅವ್ನಿಗೆ?"

ಆದರೆ ಉಪಾಯ ಸಿಕ್ಕಿತ್ತು. ತಕ್ಕಡಿ ನೋಡಲು ಬಂದಿಲ್ಲ ಎಂದು ನಂಬಿಸಲು ಇದೊಂದೇ ದಾರಿ. ಮೆಡಿಕಲ್ ಸ್ಟೋರಿನಲ್ಲಿ, ಬೇಕರಿಯಲ್ಲಿ, ಸೈಕಲ್ ಶಾಪಿನಲ್ಲಿ, ಆಟೋ ಸ್ಟ್ಯಾಂಡಿನಲ್ಲಿ ಅಪ್ಪ ಇದನ್ನೇ ಹೇಳುತ್ತಾ ಹೋದರು. ನನ್ನ ಮಗಳು, ಪದ್ಮಾವತಿ ಅಂತ, ಪ್ರೆಸ್ಸಲ್ಲಿ ಕೆಲಸ, ಫಿಟ್ಸ್ ಬರುತ್ತೆ, ಬಿದ್ದಾಗ ಯಾರಾದರೂ ಕತ್ತಿನ ಹತ್ತಿರ ಕೈ ಹಾಕಿದ್ದು ಕಂಡಿರಾ? ಒಬ್ಬ ಆಟೋ ಡ್ರೈವರು, ಬಿಳಿ ಶರ್ಟಿನವನೊಬ್ಬ ಬಗ್ಗಿದ್ದ ಎಂದ. ಇನ್ನೊಬ್ಬ ಅದು ಹಳದಿ ಶರ್ಟು ಎಂದ. ಕೆಲವರು ಅಯ್ಯೋ ಪಾಪ ಎಂದರು. ಒಬ್ಬಿಬ್ಬರು ನಮ್ಮ ಬೆನ್ನ ಹಿಂದೆ, "ಆ ಪಿಡ್ಸ್ ಹುಡ್ಗಿ ಅಪ್ಪ" ಎಂದದ್ದೂ ಕಿವಿಗೆ ಬಿತ್ತು. ಒಂದು ತಿಂಗಳು ಅಲೆದರೂ ಚೈನು ಸಿಗಲಿಲ್ಲ. ಸಂಜೆ ಚಪ್ಪಲಿ ಬಿಡುತ್ತಾ ಅಪ್ಪ ಅವತ್ತಿನ ವಿಚಾರಣೆಯ ವರದಿ ಒಪ್ಪಿಸುವರು. ಪದ್ದಿ ಕೇಳಿ ಕೇಳಿ ಒಂದು ದಿನ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಪ್ಪ, ಇಷ್ಟು ವರ್ಷ ಮುಚ್ಚಿಟ್ಟು ಈಗ ಊರಿಗೆಲ್ಲ ಪಾಂಪ್ಲೆಟ್ ಹಂಚಿಬಿಟ್ರಲ್ಲ! ನಮ್ ಪ್ರೆಸ್ಸಲ್ಲೇ ಹಾಕಿಸ್ಬೋದಿತ್ತು."

ಅಪ್ಪನಿಗೆ ಅಲ್ಲಿಯವರೆಗೂ ಅದು ಹೊಳೆದಿರಲಿಲ್ಲ ಎಂದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು. ಮರುದಿನ ಬೆಳಗ್ಗೆ ನಾನು ಎಂದಿನಂತೆ ಚಪ್ಪಲಿ ಮೆಟ್ಟಿಕೊಂಡಾಗ, "ನೀನ್ ಹೋಗ್ಬೇಡ" ಎಂದರು. ಅಷ್ಟೇ ಹೇಳಿದ್ದು. ಪದ್ದಿ ಬ್ಯಾಗು ಹೆಗಲಿಗೇರಿಸಿ, ಇಬ್ಬರ ಮುಖವನ್ನೂ ನೋಡದೆ, ಎಲ್ಲಿ ಮನಸ್ಸು ಬದಲಾಯಿಸಿಬಿಡುತ್ತಾರೋ ಎನ್ನುವ ಹಾಗೆ ಮೆಟ್ಟಿಲು ಇಳಿದಳು.

ಅಪ್ಪ ಬದಲಾಗಿಬಿಟ್ಟರು ಎಂದು ನೀವು ತಿಳಿದರೆ ಅದು ತಪ್ಪು. ಮೊದಲ ವಾರ ಅವಳ ಹಿಂದೆ ಒಂದು ಫರ್ಲಾಂಗು ಬಿಟ್ಟು ಅವರು ನಡೆಯುತ್ತಿದ್ದರು. ನನಗದು ಹೇಗೆ ಗೊತ್ತೆಂದರೆ, ಅವರ ಹಿಂದೆ ಒಂದು ಫರ್ಲಾಂಗು ಬಿಟ್ಟು ನಾನು ನಡೆಯುತ್ತಿದ್ದೆ. ಒಂದು ದಿನ ಪದ್ದಿ ಹಾಸಿಗೆ ಅಂಗಡಿಯ ಮುಂದೆ ನಿಂತು, ತಿರುಗಿ, ಸೌತೆಕಾಯಿ ತಿನ್ನುತ್ತಾ ನಮ್ಮಿಬ್ಬರಿಗೂ ಕೈಬೀಸಿದಳು. ಅಪ್ಪ ಯಾವುದೋ ಬೋರ್ಡು ಓದುವವರಂತೆ ನಿಂತರು. ಅದು ಹೆಂಗಸರ ಟೈಲರಿಂಗ್ ಬೋರ್ಡು. ಅವತ್ತಿಗೆ ಹಿಂಬಾಲಿಸುವುದು ನಿಂತಿತು.

ಆಮೇಲೆ ಅವಳು ರಸ್ತೆಯಲ್ಲಿ ಬಿದ್ದದ್ದು ಮಳೆಗಾಲ ಕಳೆದ ಮೇಲೆ. ಭಾನುವಾರವಲ್ಲ, ಹಬ್ಬವಲ್ಲ, ಸುಮ್ಮನೆ ಒಂದು ದಿನ. ಅಪ್ಪ ಬಾಲ್ಕನಿಯಲ್ಲಿ ಪೇಪರ್ ಓದುತ್ತಿದ್ದರು, ನಾನು ತೊಗರಿಬೇಳೆ ಆರಿಸುತ್ತಿದ್ದೆ. ಕೆಳಗಿನಿಂದ ಶಾರದಮ್ಮ, "ನಿಮ್ಗೆ ಫೋನು" ಎಂದು ಕೂಗಿದರು. ಅಪ್ಪ ಇಳಿದು ಹೋದರು. ಹಿಂದೆಯೇ ಅಮ್ಮ ಮತ್ತು ನಾನು.

ಅಪ್ಪ ರಿಸೀವರ್ ಕಿವಿಗೊತ್ತಿಕೊಂಡು ನಿಂತಿದ್ದರು. ಆ ಕಡೆಯ ಧ್ವನಿ ನಮಗೂ ಕೇಳುವಷ್ಟು ಜೋರಾಗಿತ್ತು. ಫೋನಿಗೆ ಅಭ್ಯಾಸವಿಲ್ಲದವರು ಕಿರುಚುತ್ತಾರಲ್ಲ, ಹಾಗೆ. ಗಂಡಸಿನ ಧ್ವನಿ, ನಾವು ಎಂದೂ ಕೇಳಿದ್ದಲ್ಲ.

"ಪದ್ಮಾವತಿಯವರ ಮನೇನಾ? ನಿಮ್ ಹುಡ್ಗಿ ಬಿದ್ದಿದ್ಲು. ಎದ್ಲು. ಏನೂ ಏಟಾಗಿಲ್ಲ. ನೀರು ಕುಡ್ಸಿದ್ವಿ. ಸ್ವಲ್ಪ ಹೊತ್ತು ಕೂತಿದ್ದು ಪ್ರೆಸ್ಸಿಗೆ ಹೋದ್ಲು. 'ಊಟಕ್ಕೆ ಮನೆಗೇ ಬರ್ತೀನಿ ಅಂತ ಹೇಳಿ' ಅಂದ್ಲು."

"ಯಾರು ಮಾತಾಡ್ತಿರೋದು?" ಎಂದರು ಅಪ್ಪ. ಅಷ್ಟರಲ್ಲಿ ಫೋನು ಕಟ್ಟಾಗಿತ್ತು.

ರಿಸೀವರ್ ಹಿಡಿದುಕೊಂಡೇ ಅವರು ನಿಂತಿದ್ದರು. ಯಾರು ಮಾಡಿದ್ದು? ನಂಬರ್ ಕೊಟ್ಟವರು ಯಾರು? ನಿಜವಾಗಿಯೂ ಎದ್ದಳೋ? ಅವೆಲ್ಲ ಅವರ ಮುಖದಲ್ಲಿ ಒಂದಾದ ಮೇಲೊಂದು ಹಾದುಹೋದವು. ಮೆಟ್ಟಿಲ ಬಳಿ ಹೋಗಿ ಒಂದು ಕಾಲಿಗೆ ಚಪ್ಪಲಿ ಮೆಟ್ಟಿದರು. ಇನ್ನೊಂದನ್ನು ಬೆರಳಿನಿಂದ ತಡಕಾಡುತ್ತಾ ನಿಂತರು. ಅಮ್ಮ, "ರೀ?" ಎಂದಳು.

ಅಪ್ಪ ಮೆಟ್ಟಿದ್ದ ಚಪ್ಪಲಿಯನ್ನು ಬಿಟ್ಟರು.

"ಊಟಕ್ಕೆ ಬರ್ತಾಳಂತೆ. ಅನ್ನಕ್ಕಿಡು" ಎಂದರು.